ಪಾವಗಡದವಳು ಹಿಡಿದ ಚುಕ್ಕಾಣಿ

ಕಡಲು ನಮ್ಮ ಮೂವರಿಗೂ ಹೊಸದಾಗಿರಲಿಲ್ಲ. ಆದರೆ ಮೂವರಲ್ಲಿ ಯಾರೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಪ್ರೈಮರಿ ಶಾಲೆಯ ಟೀಚರುಗಳಾಗಿದ್ದ ನಾವು ಕಡಲ ಹತ್ತಿರ ಹೋಗಿದ್ದೆಲ್ಲ ಮಕ್ಕಳ ಪ್ರವಾಸದಲ್ಲಿ. ನೀರಿಗಿಳಿದ ಮಕ್ಕಳ ತಲೆ ಎಣಿಸಿ, ಒಂದು ಕಮ್ಮಿ ಬಂತೆಂದು ಎದೆ ಒಡೆದುಕೊಂಡು ಮತ್ತೆ ಎಣಿಸಿ, ಎಲ್ಲರನ್ನೂ ಬಸ್ಸಿಗೆ ತುಂಬಿ ವಾಪಸು ಬಂದವರು. ಹಾಗಾಗಿ ಎಣಿಸುವುದಕ್ಕೆ ಯಾವ ತಲೆಯೂ ಇಲ್ಲದೆ, ಐದು ದಿನ ಹಾಯಿದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗೋಣವೆಂಬ ಮಾತು ಬಂದಾಗ ನಮಗೆ ಅದು ನಮ್ಮ ವಿಷಯವೆಂದೇ ಅನ್ನಿಸಲಿಲ್ಲ.

ನಾವು ಮೂವರೂ ಮಧುಗಿರಿಯಲ್ಲಿ ಟೀಚರ್ ಟ್ರೈನಿಂಗಿಗೆ ಓದುವಾಗ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದವರು. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು ಮಿಡಿಗೇಶಿ, ಇನ್ನೊಬ್ಬಳು ಶಿರಾ, ಮತ್ತೊಬ್ಬಳು ಪಾವಗಡ. ಕೆಲಸ ಸಿಕ್ಕಿದ ಮೇಲೆ ನಾನು ದೊಡ್ಡೇರಿ ಹೋಬಳಿಯಲ್ಲೇ ಶಾಲೆಯಿಂದ ಶಾಲೆಗೆ ವರ್ಗವಾಗುತ್ತ ಉಳಿದೆ. ಶಿರಾದವಳು ಅವಳ ಊರಿನ ಉರ್ದು ಶಾಲೆಯಲ್ಲಿದ್ದಳು. ಪಾವಗಡದವಳು ಆಂಧ್ರದ ಗಡಿಯ ಹಳ್ಳಿಯೊಂದರಲ್ಲಿ, ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡದ ಅ ಆ ತಿದ್ದಿಸುತ್ತಿದ್ದಳು. ವರ್ಷಕ್ಕೊಮ್ಮೆ ದಸರಾ ರಜೆಯಲ್ಲಿ ಯಾರದಾದರೂ ಮನೆಯಲ್ಲಿ ಎರಡು ದಿನ ಸೇರುವುದು ಮಾತ್ರ ತಪ್ಪಲಿಲ್ಲ. ಒಬ್ಬರಾದ ಮೇಲೊಬ್ಬರಂತೆ ಮೂವರೂ ನಿವೃತ್ತರಾದೆವು.

ಶಿರಾದವಳ ತಮ್ಮ ಹದಿನೆಂಟು ವರ್ಷಕ್ಕೇ ನೌಕಾಪಡೆಗೆ ಸೇರಿದವನು. ಹಡಗುಗಳ ಹೊಟ್ಟೆಯೊಳಗೆ, ಇಂಜಿನ್ ರೂಮಿನಲ್ಲಿ ದುಡಿದು, ಪಿಂಚಣಿ ತೆಗೆದುಕೊಂಡು, ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ನೆಲೆ ನಿಂತಿದ್ದ. ಅಲ್ಲಿ ಹಳೆಯ ಹಾಯಿದೋಣಿಯೊಂದನ್ನು ರಿಪೇರಿ ಮಾಡಿಕೊಂಡು ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ. ಒಂದು ಮದುವೆಗೆಂದು ಶಿರಾಕ್ಕೆ ಬಂದವನು ನಾವು ಮೂವರೂ ಕೂತಿದ್ದ ಕಡೆ ಬಂದು, ಅವನ ಅಭ್ಯಾಸದಂತೆ ಇಡೀ ಪೆಂಡಾಲಿಗೇ ಕೇಳುವ ಹಾಗೆ, ರಿಟೈರ್ ಆದವರು ಮನೆಯಲ್ಲಿ ಕೂತು ಏನು ಮಾಡುತ್ತೀರಿ, ಸಂಕ್ರಾಂತಿ ಕಳೆದ ಮೇಲೆ ಕಡಲು ಸಾಧುವಾಗಿರುತ್ತದೆ, ಬನ್ನಿ ಎಂದ. ಅವನ ಅಕ್ಕ ಅಲ್ಲೇ ಒಪ್ಪಿಕೊಂಡಳು. ಪಾವಗಡದವಳು ನಕ್ಕು ತಲೆಯಾಡಿಸಿದಳು. ನಾನು ಮಾತ್ರ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ.

ಮನೆಯಲ್ಲಿ ಕೇಳುವುದೇನೂ ಇರಲಿಲ್ಲ. ಪಾವಗಡದವಳ ಜೊತೆ ಐದು ದಿನ ಒಂದೇ ದೋಣಿಯಲ್ಲಿ ಇರುವುದು ಹೇಗೆ ಎನ್ನುವುದೇ ನನ್ನ ತೊಡಕಾಗಿತ್ತು.

ಹಿಂದಿನ ವರ್ಷ ನಮ್ಮ ಯಜಮಾನರಿಗೆ ಎದೆನೋವು ಬಂದು, ಪರೀಕ್ಷೆ ಮಾಡಿದ ಡಾಕ್ಟರು ಹಾರ್ಟಿಗೆ ಆಪರೇಷನ್ ಆಗಲೇಬೇಕು ಎಂದಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಮೊದಲು ಫೋನ್ ಮಾಡಿದ್ದು ಇವಳಿಗೆ. ಸ್ವಂತ ತಂಗಿಗಿಂತ ಮೊದಲು. ಅಳುತ್ತಲೇ ಎಲ್ಲ ಹೇಳಿದೆ. ಅವಳು ಮಧ್ಯೆ ಮಧ್ಯೆ ಹೂಂ ಹೂಂ ಎನ್ನುತ್ತಿದ್ದಳು. ನಾನು ಹೇಳಿ ಮುಗಿಸಿದ ಮೇಲೆ, ದನಿಯಲ್ಲಿ ನಗು ಇಟ್ಟುಕೊಂಡು, “ಒಳ್ಳೇದಾಯ್ತು ಬುಡೇ, ಇನ್ನೇನ್ ಬೇಕು” ಎಂದಳು.

ನಾನು ಫೋನ್ ಇಟ್ಟೆ. ಹದಿನೈದು ದಿನದ ಮೇಲೆ ಅವಳು ಹಸಿ ಕಡಲೆಕಾಯಿಯ ಚೀಲ ಹೊತ್ತುಕೊಂಡು ಮನೆಗೆ ಬಂದಳು. ಆಪರೇಷನ್ ಮುಗಿಸಿ ಮಲಗಿದ್ದವರ ಕಾಲ ಬಳಿ ಕೂತು ಕಣ್ಣೊರೆಸಿಕೊಂಡಳು. ನಾನು ಕಾಫಿ ಕೊಟ್ಟೆ, ಊಟಕ್ಕೆ ಬಡಿಸಿದೆ, ಮಾತಾಡಲಿಲ್ಲ. ಯಜಮಾನರು ಹುಷಾರಾದರು. ನನಗೆ ಮಾತ್ರ ಆ ಮಾತು ಮರೆಯಲಾಗಲಿಲ್ಲ. ಫೋನ್ ಮಾಡುವುದನ್ನು ನಿಲ್ಲಿಸಿದೆ. ಕೊರಟಗೆರೆಯಲ್ಲಿ ನನ್ನ ಮಗಳ ಮದುವೆ ನಡೆದಾಗ ಛತ್ರದ ಆ ಕೊನೆಯಿಂದ ಕರೆದರೂ ಅವಳು ತಿರುಗಿ ನೋಡಲಿಲ್ಲ. ಆಗ ನನ್ನ ಮನಸ್ಸಿನಲ್ಲಿ ಲೆಕ್ಕ ಮುಗಿದೇಹೋಯಿತು. ಇವಳಿಗೆ ಈಗ ನಾವು ಬೇಡ ಅಂದುಕೊಂಡೆ.

ಶಿರಾದವಳಿಗೆ ಇದನ್ನೆಲ್ಲ ಹೇಳಿರಲಿಲ್ಲ. ಅವಳ ಒತ್ತಾಯಕ್ಕೆ ಕೊನೆಗೂ ಹೊರಟೆ.

ದೋಣಿ ನಮ್ಮೂರಿನ ಖಾಸಗಿ ಬಸ್ಸಿಗಿಂತ ಸ್ವಲ್ಪ ಉದ್ದವಿತ್ತು. ಒಳಗೆ ಇಳಿದರೆ ಒಂದು ಪುಟ್ಟ ಅಡಿಗೆ ಜಾಗ, ಎರಡು ಮಲಗುವ ಗೂಡು. ಮೇಲೆ ಎತ್ತರದ ಹಾಯಿಕಂಬ. ಆ ಕಂಬದಿಂದ ಹಿಂದಕ್ಕೆ, ಹಾಯಿಯ ಬುಡವನ್ನು ಹಿಡಿದುಕೊಂಡು, ನಿಂತವರ ತಲೆಯ ಮಟ್ಟಕ್ಕೆ ಒಂದು ದಪ್ಪ ಅಲ್ಯೂಮಿನಿಯಂ ಕೊಳವೆ ಅಡ್ಡಕ್ಕೆ ಚಾಚಿತ್ತು. ಅದನ್ನು ಬೂಮ್ ಅನ್ನುತ್ತಾರೆ ಎಂದು ತಮ್ಮ ತೋರಿಸಿದ. ನಾವು ಹೋಗುವ ದಿಕ್ಕಿನಿಂದಲೇ ಗಾಳಿ ಬರುತ್ತಿದೆ, ಎದುರುಗಾಳಿಗೆ ನೇರ ಹೋಗಲಾಗುವುದಿಲ್ಲ, ಹಾವಿನ ಹಾಗೆ ಆ ಕಡೆ ಈ ಕಡೆ ತಿರುಗಿಕೊಂಡು ಹೋಗಬೇಕು, ಪ್ರತಿ ಸಲ ತಿರುಗಿದಾಗಲೂ ಈ ಬೂಮ್ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಬೀಸಿಕೊಂಡು ಬರುತ್ತದೆ, ನಾನು ಕೂಗಿದ ತಕ್ಷಣ ತಲೆ ಬಗ್ಗಿಸಬೇಕು ಎಂದು ಮೂರು ಸಲ ಹೇಳಿದ. ನಾವು ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿದೆವು.

ಮೊದಲ ದಿನ ನೀಲ್ ದ್ವೀಪದವರೆಗೆ ಹೋದೆವು. ಅಷ್ಟು ದೂರವೂ ಶಿರಾದವಳು ವಾಂತಿ ಮಾಡಿಕೊಂಡಳು. ತಮ್ಮನ ದೋಣಿಯೆಂದು ಎಲ್ಲರಿಗಿಂತ ಹೆಚ್ಚು ಹಿಗ್ಗಿ ಬಂದವಳು ಅವಳೇ. ಬಕೆಟ್ಟನ್ನು ತಬ್ಬಿಕೊಂಡು, ಯಾ ಅಲ್ಲಾ, ನನ್ನನ್ನು ಯಾವುದಾದರೂ ಮಣ್ಣಿನ ಮೇಲೆ ಇಳಿಸಿಬಿಡು ಎಂದು ತಮ್ಮನನ್ನು ಬೇಡುತ್ತಿದ್ದಳು. ಅವನು ಒಂದು ಕೈಯಲ್ಲಿ ಚುಕ್ಕಾಣಿಯ ಚಕ್ರ ಹಿಡಿದು ಇನ್ನೊಂದು ಕೈಯಲ್ಲಿ ಅಕ್ಕನ ಬೆನ್ನು ನೀವುತ್ತಿದ್ದ. ಅವನು ಕೂಗಿದಾಗಲೆಲ್ಲ ನಾವು ಬಗ್ಗುತ್ತಿದ್ದೆವು. ಪಾವಗಡದವಳೂ ಬಗ್ಗುತ್ತಿದ್ದಳು. ನಮಗಿಂತ ಒಂದು ಕ್ಷಣ ತಡವಾಗಿ. ಅದನ್ನು ನಾನು ಆಗ ಗಮನಿಸಲಿಲ್ಲ.

ಮಧ್ಯಾಹ್ನ ಇಳಿಬಿಸಿಲಿಗೆ ಲಂಗರು ಹಾಕಿ, ಚಿಕ್ಕ ರಬ್ಬರ್ ದೋಣಿಯಲ್ಲಿ ದಡಕ್ಕೆ ಬಂದೆವು. ತೆಂಗಿನ ಮರಗಳ ಕೆಳಗೆ ಹಿಟ್ಟಿನಂಥ ಮರಳು. ನೀರು ಎಷ್ಟು ತಿಳಿ ಎಂದರೆ ಮಂಡಿಯುದ್ದ ನಿಂತರೂ ಕಾಲುಂಗುರ ಕಾಣುತ್ತಿತ್ತು. ಮಣ್ಣು ಕಂಡದ್ದೇ ಶಿರಾದವಳಿಗೆ ಜೀವ ಬಂತು. ಚೂಡಿದಾರದಲ್ಲೇ ಕುತ್ತಿಗೆಯವರೆಗೆ ನೀರಿನಲ್ಲಿ ಕೂತು, ಸಂಜೆಯಾದರೂ ಏಳಲೊಲ್ಲೆ ಎಂದಳು. ಮೂವರು ಅಜ್ಜಿಯರು ಒಬ್ಬರ ಕೈ ಒಬ್ಬರು ಹಿಡಿದು ಅಲೆ ಬಂದಾಗಲೆಲ್ಲ ಎಗರಿದೆವು. ಪಾವಗಡದವಳ ಕೈ ನನ್ನ ಕೈಯಲ್ಲಿತ್ತು. ಅವಳು ಅದನ್ನು ಬಿಗಿಯಾಗಿ ಹಿಡಿದಿದ್ದಳು. ನಾನು ಹಿಡಿಸಿಕೊಂಡಿದ್ದೆ, ಅಷ್ಟೆ.

ಎರಡನೆಯ ದಿನ ಬೆಳಿಗ್ಗೆ ಇನ್ನೊಂದು ದ್ವೀಪದ ಕಡೆ ಹೊರಟೆವು. ಗಾಳಿ ಹಿಂದಿನ ದಿನಕ್ಕಿಂತ ಜೋರಾಗಿತ್ತು. ಹಾರುವ ಮೀನುಗಳ ಗುಂಪೊಂದು ನೀರಿನಿಂದ ಎದ್ದು, ಬೆಳ್ಳಗೆ ಮಿಂಚಿ, ದೂರ ಹೋಗಿ ಬಿದ್ದಿತು. ಪಾವಗಡದವಳು ನಮಗೆ ಬೆನ್ನು ಮಾಡಿ ನಿಂತು, ಕಂಬಿ ಹಿಡಿದು ಅದನ್ನೇ ನೋಡುತ್ತಿದ್ದಳು. ಅದೇ ಹೊತ್ತಿಗೆ ತಮ್ಮ, ತಿರುಗಿಸುತ್ತಿದ್ದೇನೆ, ಬಗ್ಗಿ ಎಂದು ಕೂಗಿದ. ನಾನೂ ಶಿರಾದವಳೂ ಬಗ್ಗಿದೆವು. ಅವಳು ನಿಂತೇ ಇದ್ದಳು. ಅವನು ಎರಡನೆಯ ಸಲ ಕೂಗಿದ. ದೋಣಿ ಆಗಲೇ ತಿರುಗುತ್ತಿತ್ತು, ಬೂಮ್ ಹೊರಟಾಗಿತ್ತು. ನಾನು ಹೇಗೆ ಎದ್ದೆನೋ ತಿಳಿಯದು. ಅವಳ ಸೊಂಟ ಹಿಡಿದು ಕೆಳಕ್ಕೆ ಎಳೆದೆ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದೆವು. ಬೂಮ್ ನಮ್ಮ ತಲೆಯ ಮೇಲೆ ಗಾಳಿ ಎಬ್ಬಿಸಿಕೊಂಡು ಹೋಗಿ ಆ ಕಡೆ ಧಡ್ ಎಂದು ನಿಂತಿತು. ಅವಳ ಮಂಡಿ ತರಚಿ ರಕ್ತ ಬಂತು.

ತಮ್ಮನ ಮುಖ ಬಿಳುಚಿಕೊಂಡಿತ್ತು. ಹೆದರಿಕೆಯಲ್ಲೇ ಸಿಟ್ಟೂ ಬಂತು.

“ಎಷ್ಟ್ ಸಲ ಕೂಗ್ಬೇಕು ಅಕ್ಕ? ಕಿವಿ ಕೇಳ್ಸಲ್ವಾ ನಿಮ್ಗೆ?”

ಪಾವಗಡದವಳು ಅವನ ಕಡೆ ನೋಡಿ ನಕ್ಕು, “ಏನಾಗಿಲ್ಲ ಬುಡಪ್ಪ, ತರಚಿದ್ದಷ್ಟೆ” ಎಂದಳು.

ಅವನು ಕೇಳಿದ್ದು ಅದಲ್ಲ. ಶಿರಾದವಳು ಔಷಧಿ ಡಬ್ಬಿ ಹುಡುಕಲು ಒಳಕ್ಕೆ ಹೋದಳು, ಅವನು ಹಗ್ಗ ಬಿಗಿಯಲು ತಿರುಗಿದ. ನಾನು ಮಾತ್ರ ಅವಳ ಮುಖವನ್ನೇ ನೋಡುತ್ತ ಅಲ್ಲೇ ಕೂತೆ. ಅವಳ ಕಣ್ಣು ತಮ್ಮನ ಮೇಲಿಂದ ನನ್ನ ಮೇಲೆ ಬಂತು. ನನ್ನ ಕಣ್ಣಿನ ಮೇಲಲ್ಲ. ಬಾಯಿಯ ಮೇಲೆ.

ಆ ದಿನ ಮಧ್ಯಾಹ್ನ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿದೆವು. ಅಕ್ಕ ತಮ್ಮ ಅನ್ನಕ್ಕಿಡುತ್ತಿದ್ದರು. ಪಾವಗಡದವಳು ದೋಣಿಯ ಮೂತಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ನಾನು ಅವಳ ಹಿಂದೆ ಎರಡು ಮಾರು ದೂರದಲ್ಲಿ ನಿಂತು ಅವಳನ್ನು ಕರೆದೆ. ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ, ನಿನ್ನ ಬೆನ್ನ ಮೇಲೆ ಏಡಿ ಹತ್ತಿದೆ ಕಣೇ ಎಂದೆ. ಏಡಿಯೆಂದರೆ ಅವಳಿಗೆ ಪ್ರಾಣಭಯ. ಅವಳು ಕಾಲಾಡಿಸುತ್ತ ನೀರು ನೋಡುತ್ತಿದ್ದಳು.

ಪಕ್ಕದಲ್ಲಿ ಹೋಗಿ ಕೂತು ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

“ಯಾವಾಗ್ಲಿಂದ?” ಎಂದೆ.

ಯಾವುದು ಎಂದು ಅವಳು ಕೇಳಲಿಲ್ಲ. ಮೂರು ವರ್ಷ ಆಯಿತು ಎಂದಳು. ಆಮೇಲೆ ಕಟ್ಟೆಯೊಡೆದ ಹಾಗೆ ಹೇಳಿದಳು. ಮೊದಲು ಬಲಗಿವಿ ಹೋಯಿತಂತೆ, ಆಮೇಲೆ ಎಡಗಿವಿಯೂ ಮಂದವಾಯಿತಂತೆ. ಶಾಲೆಯಲ್ಲಿ ಮೊದಲು ಗೊತ್ತಾದದ್ದು ಮಕ್ಕಳಿಗೆ. ಯಾರೂ ಹೇಳಿಕೊಡದೆಯೇ ಅವು ಮೇಜಿನ ಮುಂದೆ ಬಂದು, ಮುಖಕ್ಕೆ ಮುಖ ಕೊಟ್ಟು ಮಾತಾಡಲು ಶುರು ಮಾಡಿದ್ದವು. ದೊಡ್ಡವರ್ಯಾರಿಗೂ ತಿಳಿಯಲಿಲ್ಲ. ಮನೆಯಲ್ಲಿ ಮಗ ಸೊಸೆ ಅಮ್ಮನಿಗೆ ವಯಸ್ಸಾಯಿತು, ಮರೆವು ಅಂದುಕೊಂಡಿದ್ದರು. ಎದುರಿಗಿದ್ದವರು ನಕ್ಕರೆ ತಾನೂ ನಗುವುದು, ತಲೆಯಾಡಿಸಿದರೆ ತಲೆಯಾಡಿಸುವುದು. ದೋಣಿಯಲ್ಲೂ ನಾವು ಬಗ್ಗಿದಾಗ ಬಗ್ಗುತ್ತಿದ್ದಳು.

“ಕಣ್ ಕಾಣಲ್ಲ ಅಂದ್ರೆ ಕೈ ಹಿಡ್ಕಂತಾರೆ. ಕಿವಿ ಕೇಳಲ್ಲ ಅಂದ್ರೆ ನಗ್ತಾರೆ ಕಣೇ” ಎಂದಳು. “ನಮ್ ಚಿಕ್ಕಮ್ಮನ್ನ ಊರೆಲ್ಲಾ ಕಿವುಡಿ ಕಿವುಡಿ ಅಂತ ಆಡ್ಕಂಡ್ ನಗ್ತಿದ್ರು. ನಾನೂ ನಕ್ಕಿದ್ದೀನಿ.”

ನನಗೆ ಆಸ್ಪತ್ರೆಯ ಮೆಟ್ಟಿಲು ನೆನಪಾಯಿತು. ಅವತ್ತು ಫೋನಿನಲ್ಲಿ ನಾನು ಹೇಳಿದ್ದನ್ನು ನೀನು ಏನೆಂದು ತಿಳಿದುಕೊಂಡೆ ಎಂದು ಕೇಳಿದೆ. ನಿಧಾನವಾಗಿ, ಬಾಯಿ ಕಾಣುವ ಹಾಗೆ. ಅವಳು ತಲೆ ತಗ್ಗಿಸಿದಳು. ಫೋನಿನಲ್ಲಿ ತನಗೆ ದನಿಯ ಏರಿಳಿತ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ, ಆಗ ನಿನ್ನ ಮಗಳಿಗೆ ಗಂಡು ನೋಡುತ್ತಿದ್ದಿರಲ್ಲ, ಸಂಬಂಧ ಕೂಡಿಬಂತೆಂದು ಸಂತೋಷಕ್ಕೆ ಗಂಟಲು ಕಟ್ಟಿದೆ ಅಂದುಕೊಂಡೆ ಎಂದಳು. ಆಮೇಲೆ ಶಿರಾದವಳ ಮೆಸೇಜು ನೋಡಿ ನಿಜ ತಿಳಿದಾಗ ಎರಡು ದಿನ ಅನ್ನ ಇಳಿಯಲಿಲ್ಲವಂತೆ. ಕಡಲೆಕಾಯಿ ಹೊತ್ತುಕೊಂಡು ಬಂದದ್ದು ಹೇಳಿಬಿಡಬೇಕೆಂದೇ.

“ಮತ್ತ್ಯಾಕ್ ಹೇಳ್ಲಿಲ್ಲ?”

“ನೀನ್ ಮಾತೇ ಆಡ್ಲಿಲ್ವಲ್ಲೇ” ಎಂದಳು.

ಒಂದು ವರ್ಷ ನಾನು ಅವಳ ಮೇಲೆ ಹಲ್ಲು ಕಚ್ಚಿಕೊಂಡು ಕಳೆದಿದ್ದೆ. ಮೂವತ್ತೈದು ವರ್ಷ ಮಕ್ಕಳ ಮುಖ ನೋಡಿ ಯಾರಿಗೆ ಜ್ವರ, ಯಾರಿಗೆ ಹಸಿವು ಎಂದು ಹೇಳುತ್ತಿದ್ದ ನಾನು ಇವಳ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಅವಳ ತರಚಿದ ಮಂಡಿಯ ಮೇಲೆ ಕೈಯಿಟ್ಟು ಅತ್ತುಬಿಟ್ಟೆ. ಅವಳು ನನ್ನ ತಲೆ ಸವರುತ್ತ, ಚಾಲು ಚಾಲು ಎಂದಳು. ಸಾಕು ಅನ್ನುವುದಕ್ಕೆ ಅವಳ ಬಾಯಿಗೆ ಬರುವುದು ತೆಲುಗೇ.

ಊಟಕ್ಕೆ ಕರೆಯಲು ಬಂದ ಅಕ್ಕ ತಮ್ಮ ಇಬ್ಬರೂ ನಮ್ಮನ್ನು ನೋಡಿ ಗಾಬರಿಯಾದರು. ಹೇಳಲೇ ಎಂದು ಅವಳನ್ನು ಕಣ್ಣಲ್ಲೇ ಕೇಳಿದೆ. ಅವಳು ತಾನೇ ಹೇಳಿದಳು. ಶಿರಾದವಳು ಬಾಯಿಗೆ ದುಪಟ್ಟಾ ಇಟ್ಟುಕೊಂಡು ಕುಸಿದಳು. ತಮ್ಮ ಸರಕ್ಕನೆ ಒಳಕ್ಕೆ ಹೋದ. ಬೆಳಿಗ್ಗೆ ಆಡಿದ ಮಾತಿಗೆ ನೊಂದುಕೊಂಡನೇನೋ ಅನ್ನಿಸಿತು. ಹಿಂದಿರುಗಿದಾಗ ಅವನ ಕೈಯಲ್ಲಿ ಒಂದು ಚಿಕ್ಕ ಡಬ್ಬಿ ಇತ್ತು. ತೆರೆದು ಅದರೊಳಗಿಂದ ಹುಣಸೆಬೀಜದಷ್ಟು ದಪ್ಪನೆಯ ಎರಡು ವಸ್ತು ತೆಗೆದು, ಒಂದನ್ನು ತನ್ನ ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಸಿಕ್ಕಿಸಿಕೊಂಡ.

“ಇಂಜಿನ್ ರೂಮ್ ತಿಂದ್ಬುಡ್ತು ಅಕ್ಕ, ಇಪ್ಪತ್ ವರ್ಷದ್ ಹಿಂದೇನೇ” ಎಂದ. “ಉಪ್ಪುನೀರು ತಾಗಿದ್ರೆ ಹಾಳಾಗ್ತವೆ ಅಂತ ದೋಣಿ ಮೇಲೆ ಹಾಕ್ಕೊಳಲ್ಲ. ಅದಕ್ಕೇ ನಾನು ಇಂಗ್ ಕೂಗಾಡೋದು.”

ಅವನ ಅಕ್ಕನಿಗೇ ಅದು ತಿಳಿದಿರಲಿಲ್ಲ. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ತಮ್ಮನ ಕಿವಿಯನ್ನು ಅವಳು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು. ಆಪಾ, ಬಿಡು, ನೋಯುತ್ತೆ ಎಂದು ಅವನು ನಗುತ್ತಲೇ ಇದ್ದ. ಪಾವಗಡದವಳು ಅವನು ತೆಗೆದುಕೊಟ್ಟ ಒಂದು ಕಿವಿಯ ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಇಷ್ಟೇನಾ ಎಂದಳು.

ಇಂಜಿನ್ ರೂಮಿನಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲವಂತೆ. ಆ ಸದ್ದಿನಲ್ಲಿ ಕಿವಿಯಿದ್ದವನಿಗೂ ಕೇಳದು. ಎಲ್ಲವೂ ಕೈಸನ್ನೆ. ಊಟವಾದ ಮೇಲೆ ತಮ್ಮ ಆ ಸನ್ನೆಗಳಲ್ಲಿ ಕೆಲವನ್ನು ಹೇಳಿಕೊಟ್ಟ, ಇಲ್ಲದ್ದನ್ನು ನಾವೇ ಕಟ್ಟಿಕೊಂಡೆವು. ಮುಷ್ಟಿ ಎಂದರೆ ಹಗ್ಗ ಬಿಗಿ. ಬಿಚ್ಚಿದ ಅಂಗೈ ಎಂದರೆ ಸಡಿಲಿಸು. ನೆತ್ತಿಯ ಮೇಲೆ ಕೈಯಿಟ್ಟರೆ ಬೂಮ್ ಬರುತ್ತಿದೆ, ಬಗ್ಗು. ಮೂಗು ಹಿಡಿದುಕೊಂಡರೆ ಶಿರಾದವಳಿಗೆ ಬಕೆಟ್ ಬೇಕು. ಇದು ಪಾವಗಡದವಳು ಕಟ್ಟಿದ್ದು. ಆ ದಿನದಿಂದ ದೋಣಿಯ ಮೇಲೆ ಯಾರೂ ಕೂಗಲಿಲ್ಲ. ಅಲೆಯ ಸದ್ದು, ಹಾಯಿಯ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ನಾಲ್ಕು ಜನರ ಕಣ್ಣೂ ಸದಾ ಒಬ್ಬರ ಮೇಲೊಬ್ಬರು.

ಮೂರನೆಯ ದಿನ ಅಲ್ಲೇ ಉಳಿದು, ಮರದ ನೆರಳಲ್ಲಿ ಮಲಗಿ, ಕೊಲ್ಲಿಯ ತಳದ ಹವಳವನ್ನು ಗಾಜಿನ ತಳದ ಪೆಟ್ಟಿಗೆಯೊಂದರಿಂದ ಇಣುಕಿ ನೋಡಿ ಕಳೆದೆವು. ನಾಲ್ಕನೆಯ ದಿನ ವಾಪಸು ಹೊರಟಾಗ ಎರಡು ದ್ವೀಪಗಳ ನಡುವೆ ಗಾಳಿ ಪೂರ್ತಿ ನಿಂತುಹೋಯಿತು. ಹಾಯಿ ಒಣಗಹಾಕಿದ ಸೀರೆಯಂತೆ ಜೋತುಬಿತ್ತು. ನೀರು ಎಣ್ಣೆಯ ಹಾಗಿತ್ತು. ತಮ್ಮ ಇಂಜಿನ್ ಹಾಕಲೆಂದು ಎದ್ದ. ಪಾವಗಡದವಳು ಕೈ ಅಡ್ಡ ಹಿಡಿದು ತಡೆದಳು. ಎದ್ದು ನಿಂತು, ಕಣ್ಣು ಮುಚ್ಚಿ, ಮುಖವನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಿದಳು.

ಏನು ಮಾಡುತ್ತಿದ್ದಾಳೆಂದು ನನಗೆ ತಿಳಿಯಿತು. ನಮ್ಮ ಕಡೆ ಕಣದಲ್ಲಿ ರಾಗಿ ತೂರುವಾಗ ಗಾಳಿ ಬಿದ್ದುಹೋದರೆ ಹೆಂಗಸರು ಮೊರ ಹಿಡಿದು ಹೀಗೇ ನಿಲ್ಲುತ್ತಾರೆ. ಗಾಳಿ ಬರುವ ಮೊದಲು ಕೆನ್ನೆಯ ಪಕ್ಕದ ನವಿರು ಕೂದಲಿಗೆ ತಿಳಿಯುತ್ತದೆ. ನಾನೂ ಎದ್ದು ನಿಂತು ಕಣ್ಣು ಮುಚ್ಚಿದೆ. ನನಗೆ ಏನೂ ತಿಳಿಯಲಿಲ್ಲ. ನನ್ನ ಕಿವಿಗೆ ನೀರಿನ ಗುಳುಗುಳು ಕೇಳುತ್ತಿತ್ತು, ಶಿರಾದವಳು ಚಹಾದ ಲೋಟ ಇಟ್ಟದ್ದು ಕೇಳುತ್ತಿತ್ತು, ಮನಸ್ಸು ಅಲ್ಲಿಗೆ ಹೋಗುತ್ತಿತ್ತು. ಪಾವಗಡದವಳು ಎಡಗೈ ಎತ್ತಿ ದಿಕ್ಕು ತೋರಿಸಿದಳು. ತಮ್ಮ ಆ ಕಡೆ ನೋಡಿದ. ನೀರಿನ ಮೇಲೆ ದೂರದಲ್ಲಿ ಒಂದು ಕಪ್ಪು ಗೆರೆ ಕಂಡಿತು. ಅದು ಹತ್ತಿರ ಬಂತು, ನೀರು ಸುಕ್ಕುಗಟ್ಟಿತು, ಹಾಯಿ ಒಮ್ಮೆ ಅಲುಗಿ ತುಂಬಿಕೊಂಡಿತು.

ತಮ್ಮ ಚಕ್ರದಿಂದ ಹಿಂದೆ ಸರಿದು, ಬಾ ಎಂದು ಅವಳಿಗೆ ಸನ್ನೆ ಮಾಡಿದ. ಅವಳು ಇಲ್ಲ ಇಲ್ಲವೆಂದು ತಲೆಯಾಡಿಸಿದಳು. ಅವನು ಜಾಗ ಬಿಟ್ಟು ಕೂತೇಬಿಟ್ಟ. ಯಾರೂ ಹಿಡಿಯದ ಚಕ್ರ ಕಂಡು, ಅಯ್ಯೋ ದೇವುಡಾ ಎನ್ನುತ್ತ ಅವಳು ಹೋಗಿ ಹಿಡಿದಳು. ಮೊದಲು ದೋಣಿ ಕುಡಿದವನ ಹಾಗೆ ಹೋಯಿತು. ಆಮೇಲೆ ನೆಟ್ಟಗಾಯಿತು. ಗಾಳಿ ಬೆನ್ನ ಹಿಂದಿನಿಂದ ಬಂದು ಅವಳ ನರೆತ ಕೂದಲನ್ನು ಮುಂದಕ್ಕೆ ಹಾರಿಸುತ್ತಿತ್ತು. ಎರಡು ಗಂಟೆ ಅವಳು ಕೈ ಬಿಡಲಿಲ್ಲ. ನಾನು ಅವಳ ಎದುರಿಗೆ ಕೂತು ಮುಖ ನೋಡುತ್ತಿದ್ದೆ. ಅದರಲ್ಲಿ ಇನ್ನೊಬ್ಬರ ನಗು ನೋಡಿ ನಕ್ಕ ನಗು ಇರಲಿಲ್ಲ. ಹಾಸ್ಟೆಲಿನಲ್ಲಿ ನೋಡಿದ್ದ ಹುಡುಗಿ ಅಲ್ಲಿ ನಿಂತಿದ್ದಳು. ಶಿರಾದವಳು ಆ ಎರಡು ಗಂಟೆ ವಾಂತಿ ಮಾಡಿಕೊಳ್ಳಲಿಲ್ಲ. ತಮ್ಮನಿಗಿಂತ ಇವಳೇ ವಾಸಿ ಎಂದು ಅವನ ಮುಂದೆಯೇ ಹೇಳಿದಳು.

ಊರಿಗೆ ಬಂದ ಮೇಲೆ ಅವಳು ಮನೆಯಲ್ಲಿ ಹೇಳಿದಳು. ಮಗ ಮೊದಲು ಸಿಟ್ಟಾದನಂತೆ, ಆಮೇಲೆ ಅವಳ ಪಕ್ಕ ಕೂತು ಅತ್ತನಂತೆ. ಡಾಕ್ಟರ ಹತ್ತಿರ ನಾನು ಕರೆದುಕೊಂಡು ಹೋಗುತ್ತೇನೆ ಎಂದು ನಾನು ಹಟ ಹಿಡಿದೆ. ತುಮಕೂರಿಗೆ ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ಯಂತ್ರಗಳನ್ನು ಕಿವಿಗೆ ಹಾಕಿ ಕಳಿಸಿದರು. ಹೊರಗೆ ರಸ್ತೆಗೆ ಬಂದವಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಿಂತಳು. ಈ ಲೋಕ ಇಷ್ಟು ಗದ್ದಲ ಮಾಡುತ್ತಿತ್ತಾ ಎಂದಳು. ಮಾತು ಇನ್ನೂ ಪೂರ್ತಿ ತಿಳಿಯುತ್ತಿರಲಿಲ್ಲ. ಅಭ್ಯಾಸವಾಗಲು ತಿಂಗಳುಗಳೇ ಬೇಕು ಎಂದು ಡಾಕ್ಟರು ಹೇಳಿದ್ದರು.

ಮಧುಗಿರಿ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿದೆ. ಕೊರಟಗೆರೆ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿ, ಆಪರೇಷನ್ ದಿನ ಏನೇನಾಯಿತು, ಮೊದಲಿಂದ ಹೇಳು ಎಂದಳು. ಎಲ್ಲ ಮುಗಿದು ಹೋಯಿತಲ್ಲ, ಈಗೇಕೆ ಎಂದೆ.

“ನಂಗ್ ಯಾರ್ ಹೇಳವ್ರೆ?” ಎಂದಳು.

ಎದೆನೋವು ಬಂದ ಬೆಳಿಗ್ಗೆಯಿಂದ ಶುರು ಮಾಡಿದೆ. ಅವಳು ಒಮ್ಮೆ ನನ್ನ ಬಾಯಿ ನೋಡುತ್ತ, ಒಮ್ಮೆ ಕಣ್ಣು ಮುಚ್ಚಿ ಬರೀ ಕೇಳುತ್ತ, ತಿಳಿಯದ ಕಡೆ ನನ್ನ ಮೊಣಕೈ ಒತ್ತಿ ನಿಲ್ಲಿಸುತ್ತಿದ್ದಳು. ಮಧುಗಿರಿ ಬಂದಾಗ ನಾನಿನ್ನೂ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದೆ. ಬಸ್ಸು ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಮುಂದುವರಿಸಿದೆ. ಪಾವಗಡದ ಎರಡು ಬಸ್ಸು ಬಂದು ಹೋದವು. ಮೂರನೆಯದಕ್ಕೆ ಅವಳು ಹತ್ತಿದಳು.